ಒಂದು ಮಾತ್ರೆಗೆ ಜಗ್ಗದ ಚಾಟಿಹುಳು

ಜಂತುಹುಳುಗಳ ಬಗ್ಗೆ ಬಂದಿರುವ ಪತ್ರಗಳಲ್ಲಿ ಚಾಟಿಹುಳುವಿಗೆ ಸಂಬಂಧಿಸಿದವನ್ನಷ್ಟೇ ಈ ಬಾರಿ ಆರಿಸಿಕೊಂಡಿದ್ದೇನೆ. ದುಂಡುಹುಳು, ಕೊಕ್ಕೆಹುಳು, ಲಾಡಿಹುಳುಗಳ ಹೆಸರನ್ನು ಬಹುತೇಕ ಎಲ್ಲರೂ ಕೇಳಿರುತ್ತಾರೆ. ಚಾಟಿಹುಳುವಿನ ಹೆಸರು ಪ್ರಯೋಗಾಲಯದ ವರದಿ ಕೈಗೆ ಬಂದ ದಿನವೇ ಮೊದಲ ಬಾರಿಗೆ ಕಿವಿಗೆ ಬೀಳುವುದು ಸಾಮಾನ್ಯ. ಆದರೆ ಜಗತ್ತಿನಲ್ಲಿ ಸುಮಾರು 40ರಿಂದ 50 ಕೋಟಿ ಜನರ ಕರುಳಿನಲ್ಲಿ ಈ ಹುಳು ಇದೆಯೆಂಬ ಅಂದಾಜಿದೆ.

ಪ್ರಶ್ನೆ: ಏಳು ವರ್ಷದ ನನ್ನ ಮಗನಿಗೆ ಕೆಲವು ತಿಂಗಳಿಂದ ಹೊಟ್ಟೆನೋವು; ಮಲದಲ್ಲಿ ಲೋಳೆಯೂ ಹೋಗುತ್ತದೆ. ಪರೀಕ್ಷೆಯಲ್ಲಿ ಚಾಟಿಹುಳುವಿನ ಮೊಟ್ಟೆಗಳಿವೆ ಎಂದು ವರದಿ ಬಂತು. ಆಮೇಲೆ ಶಾಲೆಯಲ್ಲಿ ಕೊಟ್ಟ ಜಂತುಹುಳುವಿನ ಮಾತ್ರೆಯನ್ನು ನುಂಗಿದ್ದಾನೆ. ಒಂದು ತಿಂಗಳ ನಂತರ ಮತ್ತೆ ಪರೀಕ್ಷೆ ಮಾಡಿಸಿದರೆ ಮೊಟ್ಟೆಗಳು ಹಾಗೆಯೇ ಇವೆ. ಮಾತ್ರೆ ಕಳಪೆಯದೇ, ಅಥವಾ ಮಗನಿಗೆ ಹೊಸದಾಗಿ ಸೋಂಕು ತಗುಲಿತೇ?

ಎರಡೂ ಅಲ್ಲವೆಂದೇ ನನಗೆ ತೋರುತ್ತದೆ. ಹೊಸ ಸೋಂಕಿನ ಸಾಧ್ಯತೆಯನ್ನು ಮೊದಲು ನೋಡೋಣ. ಚಾಟಿಹುಳುವಿನ ಮೊಟ್ಟೆ ಹೊಟ್ಟೆಗೆ ಹೋದ ದಿನದಿಂದ ಲೆಕ್ಕ ಹಾಕಿದರೆ, ಅದರಿಂದ ಹೊರಬಂದ ಮರಿ ಬೆಳೆದು, ಹೆಣ್ಣುಹುಳುವಾಗಿ ತಾನೇ ಮೊಟ್ಟೆಯಿಡಲು ಆರಂಭಿಸುವುದಕ್ಕೆ 60ರಿಂದ 70 ದಿನಗಳು ಬೇಕು. ಹಾಗಾಗಿ ಮಾತ್ರೆ ನುಂಗಿದ ಒಂದು ತಿಂಗಳೊಳಗೆ ಮಲದಲ್ಲಿ ಕಂಡ ಮೊಟ್ಟೆಗಳು ಹೊಸ ಹುಳುವಿನವು ಆಗಲಾರವು. ಅವು ಮಾತ್ರೆಯಿಂದ ತಪ್ಪಿಸಿಕೊಂಡು ಉಳಿದ ಹಳೆಯ ಹುಳುಗಳವೇ.

ಇನ್ನು ಮಾತ್ರೆಯ ವಿಷಯ. ಜಂತುಹುಳು ನಿವಾರಣೆಯ ಸಾಮೂಹಿಕ ಕಾರ್ಯಕ್ರಮಗಳಲ್ಲಿ ಸಾಮಾನ್ಯವಾಗಿ ಆಲ್ಬೆಂಡಜೋಲ್ ಅಥವಾ ಮೆಬೆಂಡಜೋಲ್ ಎಂಬ ಔಷಧವನ್ನು ಒಂದೇ ಒಂದು ಸಲ ಕೊಡುತ್ತಾರೆ. ದುಂಡುಹುಳುವಿಗೆ ಈ ಒಂದು ಸಲದ ಮಾತ್ರೆ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿಯಲ್ಲಿ ಸಾಕಾಗುತ್ತದೆ. ಚಾಟಿಹುಳುವಿನಲ್ಲಿ ಹಾಗಲ್ಲ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2017ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ, ಒಂದು ಸಲದ ಆಲ್ಬೆಂಡಜೋಲ್‌ನಿಂದ ಪೂರ್ತಿ ಗುಣವಾದವರು ಸುಮಾರು ಶೇಕಡಾ 31, ಮೆಬೆಂಡಜೋಲ್‌ನಿಂದ ಸುಮಾರು ಶೇಕಡಾ 42. ಅಂದರೆ ನಿಮ್ಮ ಮಗನಿಗೆ ಆದದ್ದು ಅಪರೂಪದ ಸಂಗತಿಯೇ ಅಲ್ಲ.

ಇದಕ್ಕೆ ಹುಳು ನೆಲೆಸುವ ರೀತಿಯೂ ಒಂದು ಕಾರಣವೆಂದು ತಜ್ಞರು ಭಾವಿಸುತ್ತಾರೆ. ಮೂರರಿಂದ ಐದು ಸೆಂಟಿಮೀಟರ್ ಉದ್ದದ ಈ ಹುಳುವಿನ ಮುಂಭಾಗ, ಒಟ್ಟು ಉದ್ದದ ಐದರಲ್ಲಿ ಮೂರು ಪಾಲಿನಷ್ಟು, ಕೂದಲಿನಂತೆ ತೆಳ್ಳಗಿದ್ದು, ಹಿಂಭಾಗ ಮಾತ್ರ ದಪ್ಪಗಿರುತ್ತದೆ. ದೊಡ್ಡಕರುಳು ಆರಂಭವಾಗುವ ಜಾಗದಲ್ಲಿರುವ ಚೀಲದಂಥ ಭಾಗದಲ್ಲಿ ಅದು ಬೀಡುಬಿಟ್ಟು, ಆ ತೆಳ್ಳನೆಯ ಮುಂಭಾಗವನ್ನು ಕರುಳಿನ ಒಳಪೊರೆಯ ಜೀವಕೋಶಗಳ ಒಳಗೇ ಹೊಲಿದಂತೆ ತೂರಿಸಿಕೊಂಡಿರುತ್ತದೆ. ದುಂಡುಹುಳು ಹಾಗೆ ಎಲ್ಲಿಯೂ ಅಂಟಿಕೊಳ್ಳದೆ ಕರುಳಿನ ಟೊಳ್ಳಿನಲ್ಲಿರುತ್ತದೆ. ಆದ್ದರಿಂದ ಚಾಟಿಹುಳು ಖಚಿತವಾಗಿ ಪತ್ತೆಯಾದ ರೋಗಿಗೆ ವೈದ್ಯರು ಇದೇ ಔಷಧಗಳನ್ನು ಮೂರು ದಿನ ಸತತವಾಗಿ ಕೊಡುತ್ತಾರೆ. ನೀವು ಕೇಳಬೇಕಾದದ್ದೂ ಅದನ್ನೇ: ವರದಿಯನ್ನು ವೈದ್ಯರಿಗೆ ತೋರಿಸಿ, ಶಾಲೆಯಲ್ಲಿ ಕೊಟ್ಟದ್ದು ಒಂದೇ ಮಾತ್ರೆ ಎಂಬುದನ್ನು ತಿಳಿಸಿ, ಮೂರು ದಿನದ ಚಿಕಿತ್ಸೆ ಬೇಕೇ ಎಂದು ವಿಚಾರಿಸಿ. ಮೊದಲ ದಿನವೇ ಹೊಟ್ಟೆನೋವು ಕಡಿಮೆಯಾಯಿತೆಂದು ಉಳಿದೆರಡು ದಿನದ ಮಾತ್ರೆಯನ್ನು ಬಿಡಬೇಡಿ. ಚಿಕಿತ್ಸೆ ಮುಗಿದ ಎರಡು ಮೂರು ವಾರಗಳ ನಂತರ ಮತ್ತೊಮ್ಮೆ ಮಲಪರೀಕ್ಷೆ ಮಾಡಿಸಿದರೆ ಹುಳು ಹೋಯಿತೋ ಇಲ್ಲವೋ ಎಂಬುದು ಗೊತ್ತಾಗುತ್ತದೆ.

ಹಾಗೆಂದು ಶಾಲೆಯ ಮಾತ್ರೆ ವ್ಯರ್ಥವೆಂದು ದಯವಿಟ್ಟು ತಿಳಿಯಬೇಡಿ. ಅದು ಪ್ರತಿ ಮಗುವನ್ನೂ ಪರೀಕ್ಷಿಸದೆ, ಇಡೀ ಸಮುದಾಯದ ಮಕ್ಕಳ ಹೊಟ್ಟೆಯಲ್ಲಿರುವ ಹುಳುಗಳ ಸಂಖ್ಯೆಯನ್ನು ಇಳಿಸುವುದಕ್ಕೆಂದು ರೂಪಿಸಿದ ಕ್ರಮ. ಪೂರ್ತಿ ಗುಣವಾಗದ ಮಕ್ಕಳಲ್ಲೂ ಹುಳುಗಳ ಸಂಖ್ಯೆ ಇಳಿಯಬಹುದು. ಆದರೆ ರೋಗ ಪತ್ತೆಯಾದ ಒಬ್ಬ ಮಗುವಿನ ಚಿಕಿತ್ಸೆಗೆ ಅದು ಬದಲಿಯಲ್ಲ, ಅಷ್ಟೆ.

ಪ್ರಶ್ನೆ: ನಮ್ಮ ಮೂವರು ಮಕ್ಕಳಲ್ಲಿ ಒಬ್ಬಳಿಗೆ ಈ ಸೋಂಕು ಇದೆ. ಉಳಿದಿಬ್ಬರನ್ನು ಅವಳ ಜೊತೆ ಮಲಗಿಸಬಹುದೇ? ತಟ್ಟೆ ಲೋಟಗಳನ್ನು ಬೇರೆ ಇಡಬೇಕೇ?

ಬೇರೆ ಇಡುವ ಅಗತ್ಯವಿಲ್ಲ, ಮಲಗಿಸುವುದಕ್ಕೂ ಅಡ್ಡಿಯಿಲ್ಲ. ರೋಗಿಯ ಮಲದೊಡನೆ ಆಗತಾನೇ ಹೊರಬಿದ್ದ ಮೊಟ್ಟೆಯಲ್ಲಿ ಇನ್ನೂ ಮರಿ ರೂಪುಗೊಂಡಿರುವುದಿಲ್ಲ. ಅದನ್ನು ಯಾರಾದರೂ ಅಕಸ್ಮಾತ್ ನುಂಗಿದರೂ ಸೋಂಕು ತಗುಲದು. ತೇವವೂ ನೆರಳೂ ಬೆಚ್ಚಗಿನ ಹವೆಯೂ ಇರುವ ಮಣ್ಣಿನಲ್ಲಿ ಅದು 15ರಿಂದ 30 ದಿನ ಇದ್ದ ಮೇಲೆ ಮಾತ್ರ ಒಳಗೆ ಮರಿ ಬೆಳೆದು ಸೋಂಕು ತರುವ ಸ್ಥಿತಿಗೆ ಬರುತ್ತದೆ. ಅಲ್ಲಿಂದ ಮುಂದೆ ಮಣ್ಣು ಮೆತ್ತಿದ ಬೆರಳು, ತೊಳೆಯದ ಸೊಪ್ಪು ತರಕಾರಿ, ಶುದ್ಧೀಕರಿಸದ ನೀರು, ಇವುಗಳ ಮೂಲಕ ಅದು ಬಾಯಿ ಸೇರುತ್ತದೆ. ಚಾಟಿಹುಳುವಿಗೆ ಮಧ್ಯದಲ್ಲಿ ಸೊಳ್ಳೆಯಾಗಲಿ ಬಸವನಹುಳುವಾಗಲಿ ಬೇಕಿಲ್ಲ. ಅದಕ್ಕೆ ಬೇಕಾದದ್ದು ಮಣ್ಣು ಮತ್ತು ಸಮಯ.

ಆದರೂ ಉಳಿದಿಬ್ಬರ ಮಲವನ್ನು ಪರೀಕ್ಷೆ ಮಾಡಿಸಿ ಎಂದೇ ನನ್ನ ಸಲಹೆ. ಒಬ್ಬಳಿಂದ ಇನ್ನೊಬ್ಬರಿಗೆ ನೇರವಾಗಿ ಅಂಟುತ್ತದೆಂಬ ಕಾರಣಕ್ಕಲ್ಲ. ಮೂವರೂ ಒಂದೇ ಮಣ್ಣಿನಲ್ಲಿ ಆಡಿ, ಒಂದೇ ಅಡುಗೆ ಉಂಡಿರುತ್ತಾರೆ, ಆದ್ದರಿಂದ ಅವಳಿಗೆ ಎಲ್ಲಿಂದ ಬಂತೋ ಅಲ್ಲಿಂದಲೇ ಇವರಿಗೂ ಬಂದಿರಬಹುದು.

ಮೊಟ್ಟೆಯು ಕರುಳಿನಲ್ಲಿ ಒಡೆಯುವ ಬಗೆಯೂ ತಿಳಿಯತಕ್ಕದ್ದು. ಚಾಟಿಹುಳುವಿನ ಮೊಟ್ಟೆ ಸಣ್ಣ ಪೀಪಾಯಿಯ ಆಕಾರದ್ದು, ಎರಡು ತುದಿಗಳಲ್ಲೂ ಪಾರದರ್ಶಕವಾದ ಬಿರಡೆಯಿರುತ್ತದೆ. ಸೂಕ್ಷ್ಮದರ್ಶಕದಲ್ಲಿ ಒಮ್ಮೆ ನೋಡಿದವರು ಅದನ್ನು ಮರೆಯುವುದಿಲ್ಲ. ಇಲಿಗಳ ಚಾಟಿಹುಳುವಿನ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಸಂಶೋಧನೆಯೊಂದು, ಕರುಳಿನಲ್ಲಿ ಸಹಜವಾಗಿರುವ ಬ್ಯಾಕ್ಟೀರಿಯಾಗಳು ಆ ಮೊಟ್ಟೆಯನ್ನು ತಾಗಿದಾಗಲೇ ಬಿರಡೆ ತೆರೆದು ಮರಿ ಹೊರಬರುತ್ತದೆ ಎಂದು ತೋರಿಸಿತು. ದುಂಡುಹುಳುವಿನ ಮರಿಯಂತೆ ಇದು ರಕ್ತದ ಮೂಲಕ ಶ್ವಾಸಕೋಶಕ್ಕೆ ಹೋಗಿ ತಿರುಗಿ ಬರುವುದಿಲ್ಲ. ಚಾಟಿಹುಳುವಿನ ಇಡೀ ಬಾಳು ಕರುಳಿನಲ್ಲಿಯೇ.

ಪ್ರಶ್ನೆ: ಈ ಹುಳುವಿನಿಂದ ಪ್ರಾಣಾಪಾಯವಿದೆಯೇ? ತಂಗಿಯ ಮಗುವಿಗೆ ಮಲವಿಸರ್ಜನೆಯ ವೇಳೆ ಗುದದಿಂದ ಕೆಂಪಗಿನ ಮಾಂಸದಂಥದ್ದು ಹೊರಬರುತ್ತಿದೆ ಎಂದು ತಿಳಿದು ಗಾಬರಿಯಾಗಿದೆ.

ಆ ಮಗುವನ್ನು ತಡಮಾಡದೆ ವೈದ್ಯರ ಬಳಿಗೆ ಕರೆದೊಯ್ಯಲು ಹೇಳಿ. ನೀವು ವರ್ಣಿಸಿರುವುದು ಗುದನಾಳದ ಒಳಪದರ ಹೊರಜಾರುವ ಸ್ಥಿತಿ. ಇದಕ್ಕೆ ಬೇರೆ ಕಾರಣಗಳೂ ಇವೆ: ದೀರ್ಘಕಾಲದ ಮಲಬದ್ಧತೆ, ಭೇದಿ, ಅಪೌಷ್ಟಿಕತೆ ಇತ್ಯಾದಿ. ಆದರೆ ಚಾಟಿಹುಳುವಿನ ತೀವ್ರ ಸೋಂಕಿನಲ್ಲಿ ನೂರಾರು ಹುಳುಗಳು ದೊಡ್ಡಕರುಳಿನ ಆರಂಭದಿಂದ ಗುದನಾಳದವರೆಗೂ ಹರಡಿಕೊಂಡಾಗ, ಕರುಳು ಊದಿಕೊಂಡು, ಮಗು ಪದೇ ಪದೇ ಮುಕ್ಕಿ ನೋವಿನಿಂದ ಲೋಳೆ ರಕ್ತ ಬೆರೆತ ಮಲವನ್ನು ಹಾಕುತ್ತದೆ. ಆ ಮುಕ್ಕುವಿಕೆಯಿಂದ ಹೀಗಾಗುತ್ತದೆ. ಹೊರಬಂದ ಭಾಗದ ಮೇಲೆ ಬಿಳಿಯ ಹುಳುಗಳು ಅಂಟಿಕೊಂಡಿರುವುದು ಕಣ್ಣಿಗೇ ಕಾಣುವುದೂ ಉಂಟು.

ಪ್ರಾಣಾಪಾಯ ಅಪರೂಪ. ಕೆಲವೇ ಹುಳುಗಳಿದ್ದರೆ ಹೆಚ್ಚಿನವರಿಗೆ ಯಾವ ತೊಂದರೆಯೂ ತಿಳಿಯುವುದಿಲ್ಲ. ಒಂದು ಗ್ರಾಂ ಮಲದಲ್ಲಿ ಸಿಗುವ ಮೊಟ್ಟೆಗಳನ್ನು ಎಣಿಸಿ ವಿಶ್ವ ಆರೋಗ್ಯ ಸಂಸ್ಥೆ ಸೋಂಕನ್ನು ಮೂರು ಹಂತಗಳಾಗಿ ವಿಂಗಡಿಸಿದೆ: 1,000ಕ್ಕಿಂತ ಕಡಿಮೆಯಿದ್ದರೆ ಲಘು, 1,000ದಿಂದ 9,999ರವರೆಗೆ ಮಧ್ಯಮ, 10,000 ದಾಟಿದರೆ ತೀವ್ರ. ಒಂದು ಹೆಣ್ಣುಹುಳುವೇ ದಿನಕ್ಕೆ 3,000ದಿಂದ 20,000ದವರೆಗೆ ಮೊಟ್ಟೆಯಿಡಬಲ್ಲದು ಎಂಬುದನ್ನು ನೆನಪಿಟ್ಟುಕೊಂಡರೆ ಈ ಅಂಕಿಗಳು ವಿಪರೀತವೆನಿಸುವುದಿಲ್ಲ.

ನನ್ನನ್ನು ಹೆಚ್ಚು ಕಾಡುವುದು ಸಾವಿನ ಭಯವಲ್ಲ, ಈ ಹುಳು ಮಕ್ಕಳಿಂದ ಸದ್ದಿಲ್ಲದೆ ಕಿತ್ತುಕೊಳ್ಳುವ ಬೆಳವಣಿಗೆ. ಒಂದು ಹುಳುವಿನಿಂದ ದಿನಕ್ಕೆ ನಷ್ಟವಾಗುವ ರಕ್ತ 0.005 ಮಿಲಿಲೀಟರಿನಷ್ಟು ಎಂದು ಅಳೆಯಲಾಗಿದೆ. ಕೊಕ್ಕೆಹುಳುವಿಗೆ ಹೋಲಿಸಿದರೆ ಅದು ತೀರ ಕಡಿಮೆ. ಆದರೆ ನೂರಾರು ಹುಳುಗಳು ತಿಂಗಳುಗಟ್ಟಲೆ ಇದ್ದು, ಊಟದಲ್ಲಿ ಕಬ್ಬಿಣಾಂಶವೂ ಸಾಲದಿದ್ದರೆ ಮಗು ಬಿಳಿಚಿಕೊಳ್ಳುತ್ತದೆ, ಹಸಿವು ಕುಗ್ಗುತ್ತದೆ, ವಯಸ್ಸಿಗೆ ತಕ್ಕ ಎತ್ತರ ಬರುವುದಿಲ್ಲ. ಬಹಳ ಕಾಲದ ತೀವ್ರ ಸೋಂಕಿನಲ್ಲಿ ಬೆರಳ ತುದಿಗಳು ಊದಿ ಉರುಟಾಗುವುದನ್ನೂ ವೈದ್ಯರು ಗುರುತಿಸಿದ್ದಾರೆ. ಸಮಾಧಾನದ ಸಂಗತಿಯೆಂದರೆ, ಹುಳು ಹೋದ ಮೇಲೆ, ಪೌಷ್ಟಿಕ ಆಹಾರವೂ ದೊರೆತರೆ, ಇಂಥ ಮಕ್ಕಳು ಬೇಗನೆ ಚೇತರಿಸಿಕೊಂಡು ಬೆಳೆಯತೊಡಗುತ್ತಾರೆ.

ಪ್ರಶ್ನೆ: ನಮ್ಮ ಸಾಕುನಾಯಿ ಎರಡು ತಿಂಗಳಿಂದ ಸೊರಗುತ್ತಿದೆ. ಆಗಾಗ ಭೇದಿ, ಕೊನೆಯಲ್ಲಿ ಲೋಳೆ ಮತ್ತು ಸ್ವಲ್ಪ ರಕ್ತ. ಎರಡು ಬಾರಿ ಮಲಪರೀಕ್ಷೆಯಲ್ಲಿ ಏನೂ ಸಿಗಲಿಲ್ಲ. ಆದರೂ ಪಶುವೈದ್ಯರು ಚಾಟಿಹುಳುವಿಗೆಂದು ಮೂರು ದಿನದ ಔಷಧ ಕೊಟ್ಟಿದ್ದಾರೆ. ಮತ್ತೆ ಮೂರು ವಾರಕ್ಕೂ ಮೂರು ತಿಂಗಳಿಗೂ ಕೊಡಬೇಕೆನ್ನುತ್ತಾರೆ. ಪರೀಕ್ಷೆಯಲ್ಲಿ ಇಲ್ಲದ ರೋಗಕ್ಕೆ ಇಷ್ಟು ಔಷಧ ಸರಿಯೇ?

ನಿಮ್ಮ ಪಶುವೈದ್ಯರು ಬಹಳ ವಿವೇಚನೆಯಿಂದ ನಡೆದುಕೊಂಡಿದ್ದಾರೆ ಎಂದು ನಾನು ಹೇಳುತ್ತೇನೆ. ನಾಯಿಗಳಲ್ಲಿ ಬರುವ ಚಾಟಿಹುಳು ಮನುಷ್ಯರದಕ್ಕಿಂತ ಬೇರೆ ಪ್ರಭೇದ. ಅದರ ಶಾಸ್ತ್ರೀಯ ನಾಮ ಟ್ರೈಕ್ಯುರಿಸ್ ವಲ್ಪಿಸ್. ಅದು ಮೊಟ್ಟೆಯಿಡಲು ತೊಡಗುವುದಕ್ಕೆ ಸುಮಾರು ಮೂರು ತಿಂಗಳು ಬೇಕು. ಆದರೆ ಮರಿಹುಳುಗಳು ಕರುಳಿನ ಪೊರೆಯನ್ನು ಕೆಣಕುವುದು ಅದಕ್ಕೂ ಮೊದಲೇ ಆರಂಭವಾಗುತ್ತದೆ. ಹೀಗಾಗಿ ನಾಯಿಗೆ ರೋಗದ ಲಕ್ಷಣಗಳೆಲ್ಲ ಇದ್ದು ಮಲದಲ್ಲಿ ಒಂದು ಮೊಟ್ಟೆಯೂ ಇಲ್ಲದಿರುವ ವಾರಗಳು ಇರುತ್ತವೆ. ಮೊಟ್ಟೆಯಿಡುವ ವಯಸ್ಸು ಬಂದ ಮೇಲೂ ಹುಳು ಪ್ರತಿದಿನ ಒಂದೇ ಪ್ರಮಾಣದಲ್ಲಿ ಇಡುವುದಿಲ್ಲ. ಇದರ ಮೇಲೆ, ಚಾಟಿಹುಳುವಿನ ಮೊಟ್ಟೆ ಭಾರವಾದದ್ದು. ಮಲವನ್ನು ಉಪ್ಪು ಅಥವಾ ಸಕ್ಕರೆಯ ದ್ರಾವಣದಲ್ಲಿ ಕದಡಿ ಮೊಟ್ಟೆಗಳನ್ನು ತೇಲಿಸುವ ಪರೀಕ್ಷೆಯಲ್ಲಿ, ದ್ರಾವಣದ ಸಾಂದ್ರತೆ ಸಾಲದಿದ್ದರೆ ಅಥವಾ ಯಂತ್ರದಲ್ಲಿ ತಿರುಗಿಸದೆ ಹಾಗೆಯೇ ಇಟ್ಟರೆ, ಇತರ ಹುಳುಗಳ ಮೊಟ್ಟೆ ತೇಲಿ ಬಂದರೂ ಇದು ತಳದಲ್ಲೇ ಉಳಿಯಬಹುದು. ಈಗ ಹುಳುವಿನ ಪ್ರೋಟೀನನ್ನೇ ಮಲದಲ್ಲಿ ಪತ್ತೆ ಮಾಡುವ ಪರೀಕ್ಷೆಗಳೂ ಬಂದಿವೆ; ಸಿಗುವ ಕಡೆ ಅದನ್ನು ಮಾಡಿಸಬಹುದು.

ಮತ್ತೆ ಮತ್ತೆ ಔಷಧ ಕೊಡುವುದಕ್ಕೂ ಇದೇ ಲೆಕ್ಕ. ಔಷಧದ ಸುತ್ತಿನಿಂದ ತಪ್ಪಿಸಿಕೊಂಡ ಎಳೆಯ ಮರಿಗಳು ಬೆಳೆದಾಗ, ಮತ್ತು ಅಂಗಳದ ಮಣ್ಣಿನಿಂದ ಆಮೇಲೆ ಒಳಹೊಕ್ಕವು ಮೊಟ್ಟೆಯಿಡುವ ಮೊದಲು, ಅವನ್ನು ಹಿಡಿಯಬೇಕು. ಮೂರು ತಿಂಗಳ ಸುತ್ತನ್ನು ಮರೆಯಬೇಡಿ. ನಾಯಿ ದಪ್ಪವಾಗಿ ಗೆಲುವಾಗಿ ಓಡಾಡುತ್ತಿರುವ ಹೊತ್ತಿಗೆ ಬರುವುದರಿಂದ ಬಹುಮಂದಿ ಕೈಬಿಡುವುದು ಅದನ್ನೇ.

ಇನ್ನೊಂದು ಎಚ್ಚರಿಕೆ. ತೀವ್ರ ಸೋಂಕಿನಲ್ಲಿ ಕೆಲವು ನಾಯಿಗಳ ರಕ್ತದಲ್ಲಿ ಸೋಡಿಯಂ ಇಳಿದು ಪೊಟ್ಯಾಸಿಯಂ ಏರುತ್ತದೆ. ನಿತ್ರಾಣ, ವಾಂತಿ, ಕುಸಿದು ಬೀಳುವುದು, ಇವೆಲ್ಲ ಕಂಡು, ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿ ಸೋತಾಗ ಬರುವ ಆಡಿಸನ್ ಕಾಯಿಲೆಯನ್ನೇ ಅದು ಹೋಲುತ್ತದೆ. ಅಂಥ ನಾಯಿಯನ್ನು ಬೇಗನೆ ಆಸ್ಪತ್ರೆಗೆ ಸೇರಿಸಬೇಕು. ಗ್ರಂಥಿ ಸರಿಯಾಗಿದೆಯೆಂದು ಖಚಿತವಾದರೆ ಹುಳುವಿನ ಚಿಕಿತ್ಸೆಯಿಂದಲೇ ಅದು ಸುಧಾರಿಸುತ್ತದೆ. ನಾಯಿಮರಿಗಳಿಗೆಂದು ಸಾಮಾನ್ಯವಾಗಿ ಕೊಡುವ ಪೈರಾಂಟೆಲ್ ಎಂಬ ಔಷಧಕ್ಕೆ ಚಾಟಿಹುಳು ಸಾಯುವುದಿಲ್ಲ ಎಂಬುದನ್ನೂ ತಿಳಿದಿರಿ.

ಪ್ರಶ್ನೆ: ನಾಯಿಯ ಚಾಟಿಹುಳು ನಮ್ಮ ಮಕ್ಕಳಿಗೆ ಬರುತ್ತದೆಯೇ? ಹಂದಿ, ಕುರಿ, ಬೆಕ್ಕುಗಳದ್ದು?

ಚಾಟಿಹುಳುಗಳು ತಮ್ಮ ಆಶ್ರಯಪ್ರಾಣಿಯ ವಿಷಯದಲ್ಲಿ ಸಾಕಷ್ಟು ಕಟ್ಟುನಿಟ್ಟು. ನಾಯಿಯ ಚಾಟಿಹುಳು ಮನುಷ್ಯನಲ್ಲಿ ಕಂಡುಬಂದಿದೆಯೆಂಬ ವರದಿಗಳು ಬೆರಳೆಣಿಕೆಯಷ್ಟಿದ್ದರೂ ಅವುಗಳ ಖಚಿತತೆಯ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ನಾಯಿಯಿಂದ ಮಕ್ಕಳಿಗೆ ಬರಬಹುದಾದ ಹುಳುಗಳ ಪಟ್ಟಿಯಲ್ಲಿ ನಾಯಿಯ ದುಂಡುಹುಳುವಿಗೇ ನೀವು ಹೆಚ್ಚು ಹೆದರಬೇಕು. ಬೆಕ್ಕುಗಳಲ್ಲಿ ಚಾಟಿಹುಳು ಬಹಳ ವಿರಳ. ಕುರಿ, ಮೇಕೆ, ದನಗಳ ಚಾಟಿಹುಳುಗಳು ಬೇರೆಯೇ ಪ್ರಭೇದಗಳು. ಅವು ಮನುಷ್ಯರ ಗೊಡವೆಗೆ ಬರುವುದಿಲ್ಲ, ಎಳೆಯ ಪ್ರಾಣಿಗಳಲ್ಲಿ ವಿಪರೀತವಾಗಿ ಹೆಚ್ಚಿದಾಗ ಮಾತ್ರ ಅವುಗಳಿಗೆ ಭೇದಿ ತರುತ್ತವೆ.

ಹಂದಿಯ ವಿಷಯ ಮಾತ್ರ ಬೇರೆ. ಎಳೆಯ ಹಂದಿಗಳಿಗೆ ರಕ್ತಭೇದಿ ತರುವ ಟ್ರೈಕ್ಯುರಿಸ್ ಸುಯಿಸ್, ಮನುಷ್ಯನ ಚಾಟಿಹುಳುವಿಗೆ ತೀರ ಹತ್ತಿರದ ಸಂಬಂಧಿ. ಅದರ ಮರಿಗಳು ಮನುಷ್ಯನ ಕರುಳಿನಲ್ಲಿ ಸ್ವಲ್ಪಕಾಲ ನೆಲೆಸಬಲ್ಲವು. ಈ ಹತ್ತಿರದ ನಂಟು ಇತ್ತೀಚೆಗೆ ಒಂದು ಹೊಸ ತಿಳಿವಳಿಕೆಗೂ ದಾರಿಮಾಡಿದೆ. ಆಲ್ಬೆಂಡಜೋಲ್‌ನೊಂದಿಗೆ ಐವರ್ಮೆಕ್ಟಿನ್ ಸೇರಿಸಿ ಕೊಟ್ಟ ಪ್ರಯೋಗದಲ್ಲಿ, ಲಾವೋಸ್‌ನಲ್ಲಿಯೂ ತಾಂಜಾನಿಯಾದ ಪೆಂಬಾ ದ್ವೀಪದಲ್ಲಿಯೂ ಜೋಡಿ ಔಷಧ ಆಲ್ಬೆಂಡಜೋಲ್ ಒಂದಕ್ಕಿಂತ ಚೆನ್ನಾಗಿ ಕೆಲಸ ಮಾಡಿತು. ಪಶ್ಚಿಮ ಆಫ್ರಿಕಾದ ಐವರಿ ಕೋಸ್ಟ್‌ನಲ್ಲಿ ಮಾತ್ರ ಅಂಥ ಫಲ ಸಿಗಲಿಲ್ಲ. ಅಲ್ಲಿಯ ರೋಗಿಗಳ ಹುಳುಗಳ ವಂಶವಾಹಿಯನ್ನು ಪರಿಶೀಲಿಸಿದ ಸಂಶೋಧಕರು ಅವು ಬೇರೆ ಪ್ರಭೇದವೆಂದೂ, ವಂಶದಲ್ಲಿ ಹಂದಿಯ ಹುಳುವಿಗೆ ಹೆಚ್ಚು ಹತ್ತಿರವೆಂದೂ ಕಂಡು, ಅದಕ್ಕೆ ಟ್ರೈಕ್ಯುರಿಸ್ ಇನ್ಕಾಗ್ನಿಟಾ ಎಂದು ಹೆಸರಿಟ್ಟರು. ಎರಡು ಹುಳುಗಳ ಮೊಟ್ಟೆಯನ್ನು ಕಣ್ಣಿನಿಂದ ನೋಡಿ ಬೇರ್ಪಡಿಸುವುದು ಕಷ್ಟ. ಮನುಷ್ಯರ ವೈದ್ಯರೂ ಪಶುವೈದ್ಯರೂ ಈ ಹುಳುವನ್ನು ಕೂಡಿ ಅಧ್ಯಯನ ಮಾಡಬೇಕೆನ್ನಲು ಇದಕ್ಕಿಂತ ಬೇರೆ ಕಾರಣ ನನಗೆ ಬೇಕಾಗಿಲ್ಲ.

ಪ್ರಶ್ನೆ: ಚಾಟಿಹುಳುವಿನ ಮೊಟ್ಟೆಯನ್ನು ಔಷಧವಾಗಿ ಕುಡಿಯುತ್ತಾರೆಂದು ಓದಿದೆ. ನಿಜವೇ? ನನಗೆ ಕರುಳಿನ ಹುಣ್ಣಿನ ಉರಿಯೂತವಿದೆ, ತರಿಸಿಕೊಳ್ಳಬಹುದೇ?

ಪ್ರಯೋಗ ನಡೆದದ್ದು ನಿಜ, ತರಿಸಿಕೊಳ್ಳಬೇಡಿ. ಹುಳುಗಳು ದೇಹದ ರಕ್ಷಣಾವ್ಯವಸ್ಥೆಯನ್ನು ತಣ್ಣಗಾಗಿಸಿ ಬದುಕುತ್ತವೆ. ಹಾಗಾದರೆ ರಕ್ಷಣಾವ್ಯವಸ್ಥೆಯೇ ಕೆರಳಿ ಬರುವ ಕರುಳಿನ ಕಾಯಿಲೆಗಳಲ್ಲಿ ಅವು ಉಪಯೋಗಕ್ಕೆ ಬಂದಾವೇ ಎಂಬ ಗಂಭೀರವಾದ ಪ್ರಶ್ನೆಯಿಂದ ಅದು ಹುಟ್ಟಿತು. ಮನುಷ್ಯರಲ್ಲಿ ಬಹುಕಾಲ ಉಳಿಯದೆಂಬ ಕಾರಣಕ್ಕೆ ಹಂದಿಯ ಚಾಟಿಹುಳುವನ್ನು ಆರಿಸಿಕೊಂಡರು. 2005ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಪ್ರಯೋಗದಲ್ಲಿ ದೊಡ್ಡಕರುಳಿನ ಹುಣ್ಣಿನ ಉರಿಯೂತವಿದ್ದ 54 ಮಂದಿ ಭಾಗವಹಿಸಿದ್ದರು. ಎರಡು ವಾರಕ್ಕೊಮ್ಮೆ 2,500 ಮೊಟ್ಟೆಗಳಂತೆ 12 ವಾರ ಪಡೆದವರಲ್ಲಿ ಶೇಕಡಾ 43ರಷ್ಟು, ಔಷಧವಿಲ್ಲದ ದ್ರವ ಪಡೆದವರಲ್ಲಿ ಶೇಕಡಾ 17ರಷ್ಟು ಮಂದಿಗೆ ಸುಧಾರಣೆ ಕಂಡಿತು. ಇದು ಬಹಳ ಆಸೆ ಹುಟ್ಟಿಸಿತು. ಆದರೆ ಆಮೇಲೆ ಕರುಳಿನ ಇನ್ನೊಂದು ಬಗೆಯ ಉರಿಯೂತವಾದ ಕ್ರೋನ್ಸ್ ಕಾಯಿಲೆಯ ಮೇಲೆ ನಡೆದ ದೊಡ್ಡ ಪ್ರಯೋಗಗಳಲ್ಲಿ ಮೊಟ್ಟೆಗಳು ಔಷಧವಿಲ್ಲದ ದ್ರವಕ್ಕಿಂತ ಮೇಲೆನಿಸಲಿಲ್ಲ. ಇವೆಲ್ಲ ಶುದ್ಧವಾಗಿ ಬೆಳೆಸಿದ ಮೊಟ್ಟೆಗಳಿಂದ, ವೈದ್ಯರ ಕಣ್ಗಾವಲಿನಲ್ಲಿ ನಡೆದವು. ಅಂತರ್ಜಾಲದಲ್ಲಿ ಮಾರುವವರ ಶೀಶೆಯಲ್ಲಿ ಏನಿದೆಯೆಂದು ಯಾರೂ ಖಾತರಿ ಕೊಡಲಾರರು. ನಿಮ್ಮ ಕಾಯಿಲೆಗೆ ಇಂದು ಒಳ್ಳೆಯ ಔಷಧಗಳಿವೆ. ಅವನ್ನು ಬಿಟ್ಟು ಇದರ ಹಿಂದೆ ಹೋಗಬೇಡಿ ಎಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ.

ಪ್ರಶ್ನೆ: ಮನುಷ್ಯರಿಗೂ ನಾಯಿಗೂ ಚಿಕಿತ್ಸೆ ಮಾಡಿಸಿದ್ದಾಯಿತು. ಅಂಗಳದ ಮಣ್ಣಿನಲ್ಲಿರುವ ಮೊಟ್ಟೆಗಳನ್ನು ಸಾಯಿಸಲು ಏನು ಸುರಿಯಬೇಕು?

ನಿಜವಾದ ಸಮಸ್ಯೆ ಇರುವುದೇ ಇಲ್ಲಿ. ಸುರಿದರೆ ಮಣ್ಣಿಗೂ ಗಿಡಕ್ಕೂ ಹಾನಿಯಾಗದೆ ಮೊಟ್ಟೆ ಮಾತ್ರ ಸಾಯುವಂಥ ರಾಸಾಯನಿಕ ಯಾವುದೂ ಇಲ್ಲ. ಮೊಟ್ಟೆಯ ಚಿಪ್ಪು ಹಲವು ಪದರಗಳದ್ದು. ನೆಲ ಒರೆಸುವ ಸಾಮಾನ್ಯ ಕ್ರಿಮಿನಾಶಕಗಳಾಗಲಿ ಬ್ಲೀಚಿಂಗ್ ಪುಡಿಯಾಗಲಿ ಅದನ್ನು ನೆಚ್ಚುವಂತೆ ಕೊಲ್ಲುವುದಿಲ್ಲ. ತೇವವೂ ನೆರಳೂ ಇರುವ ಮಣ್ಣಿನಲ್ಲಿ ನಾಯಿಯ ಚಾಟಿಹುಳುವಿನ ಮೊಟ್ಟೆ ವರ್ಷಗಟ್ಟಲೆ ಜೀವಂತವಾಗಿರಬಲ್ಲದು. ಆಲ್ಪ್ಸ್ ಪರ್ವತದ ಹಿಮದಲ್ಲಿ 1991ರಲ್ಲಿ ಸಿಕ್ಕ, ಐದು ಸಾವಿರ ವರ್ಷಕ್ಕೂ ಹಿಂದಿನ ಮನುಷ್ಯನ ಶವದ ಕರುಳಿನಲ್ಲಿಯೂ ಚಾಟಿಹುಳುವಿನ ಮೊಟ್ಟೆಗಳು ಸಿಕ್ಕಿದ್ದವು. ಅವು ಜೀವಂತವಾಗಿದ್ದವೆಂದಲ್ಲ, ಆದರೆ ಆ ಚಿಪ್ಪು ಆಕಾರಗೆಡದೆ ಅಷ್ಟು ಕಾಲ ಉಳಿಯಿತು.

ಈ ಮೊಟ್ಟೆಗೆ ಆಗದಿರುವುದು ಒಣಗುವಿಕೆ ಮತ್ತು ಬಿಸಿಲು. ಆದ್ದರಿಂದ ನಾಯಿ ಸದಾ ಮಲವಿಸರ್ಜನೆ ಮಾಡುವ ಮೂಲೆಯಲ್ಲಿ ಪೊದೆ, ಕಳೆ, ನೀರು ನಿಲ್ಲುವ ತಗ್ಗು ಇದ್ದರೆ ತೆಗೆಸಿ, ಬಿಸಿಲು ಬೀಳುವಂತೆ ಮಾಡಿ. ಸಾಧ್ಯವಾದರೆ ಮೇಲ್ಮಣ್ಣನ್ನು ತೆಗೆಸಿ ಜಲ್ಲಿ ಹಾಸಿ ಅಥವಾ ಸಿಮೆಂಟು ಮಾಡಿಸಿ. ಎಲ್ಲಕ್ಕಿಂತ ಮುಖ್ಯವಾಗಿ, ನಾಯಿಯ ಮಲವನ್ನು ಅಂದಂದೇ ಎತ್ತಿ ವಿಲೇವಾರಿ ಮಾಡಿ. ತಾಜಾ ಮಲದ ಮೊಟ್ಟೆ ಸೋಂಕು ತರದು ಎಂದು ಮೇಲೆ ಹೇಳಿದ್ದೇನೆ. ಅಂದೇ ಎತ್ತಿದರೆ ಮಣ್ಣಿನಲ್ಲಿ ಅದು ಪಕ್ವವಾಗುವ ಅವಕಾಶವೇ ತಪ್ಪಿಹೋಗುತ್ತದೆ. ಮನುಷ್ಯರ ವಿಷಯದಲ್ಲಿ ಅದೇ ಕೆಲಸವನ್ನು ಶೌಚಾಲಯ ಮಾಡುತ್ತದೆ. ಮನುಷ್ಯನ ಮಲವನ್ನು ಹಸಿಯಾಗಿ ಗೊಬ್ಬರಕ್ಕೆ ಬಳಸುವುದು, ಶುದ್ಧೀಕರಿಸದ ಕೊಳಚೆ ನೀರಿನಿಂದ ಸೊಪ್ಪು ಬೆಳೆಯುವುದು, ಎರಡೂ ಮೊಟ್ಟೆಯನ್ನು ನೇರವಾಗಿ ಅಡುಗೆಮನೆಗೆ ತಲುಪಿಸುತ್ತವೆ. ಹಸಿಯಾಗಿ ತಿನ್ನುವ ಬೆಳೆಗಳಿಗೆ ಹಾಯಿಸುವ ಕೊಳಚೆ ನೀರಿನ ಒಂದು ಲೀಟರಿನಲ್ಲಿ ಇಂಥ ಹುಳುಗಳ ಮೊಟ್ಟೆ ಒಂದಕ್ಕಿಂತ ಹೆಚ್ಚಿರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ಹೇಳುವುದು ಇದಕ್ಕಾಗಿಯೇ.

ಸೊಪ್ಪು ತರಕಾರಿಗಳನ್ನು ಹರಿಯುವ ನೀರಿನಲ್ಲಿ ಉಜ್ಜಿ ತೊಳೆಯಿರಿ. ಬರಿದೇ ನೀರಿನಲ್ಲಿ ಅದ್ದಿ ತೆಗೆದರೆ ಸಾಲದು. ಸಿಪ್ಪೆ ತೆಗೆಯಬಹುದಾದವನ್ನು ಸಿಪ್ಪೆ ತೆಗೆಯಿರಿ, ಬೇಯಿಸಬಹುದಾದವನ್ನು ಬೇಯಿಸಿ. ಬೆಂದ ಅಡುಗೆಯಲ್ಲಿ ಮೊಟ್ಟೆ ಉಳಿಯುವುದಿಲ್ಲ. ಮಕ್ಕಳ ಉಗುರನ್ನು ವಾರಕ್ಕೊಮ್ಮೆ ಕತ್ತರಿಸಿ, ಆಟದಿಂದ ಬಂದವರಿಗೆ ಸಾಬೂನಿನಿಂದ ಕೈತೊಳೆಯಿಸಿ.

ಪ್ರಶ್ನೆ: ನಾನು ಎರಡು ತಿಂಗಳ ಗರ್ಭಿಣಿ. ಮಲಪರೀಕ್ಷೆಯಲ್ಲಿ ಚಾಟಿಹುಳುವಿನ ಕೆಲವು ಮೊಟ್ಟೆಗಳು ಕಂಡಿವೆ, ತೊಂದರೆಯೇನೂ ಇಲ್ಲ. ಈಗಲೇ ಮಾತ್ರೆ ತೆಗೆದುಕೊಳ್ಳಬೇಕೇ?

ಬೇಡ. ಮೊದಲ ಮೂರು ತಿಂಗಳಲ್ಲಿ ಆಲ್ಬೆಂಡಜೋಲ್, ಮೆಬೆಂಡಜೋಲ್‌ಗಳನ್ನು ಕೊಡುವುದಿಲ್ಲ. ಲಘು ಸೋಂಕು ಅಷ್ಟು ದಿನ ಕಾಯಬಲ್ಲದು. ಅದರಿಂದ ಮಗುವಿಗೆ ಹುಳು ಹೋಗುವುದೂ ಇಲ್ಲ. ವರದಿಯನ್ನು ಪ್ರಸೂತಿ ವೈದ್ಯರಿಗೆ ತೋರಿಸಿ, ಹಿಮೋಗ್ಲೋಬಿನ್ ಪ್ರಮಾಣವನ್ನು ನೋಡಿಸಿಕೊಳ್ಳಿ, ಕಬ್ಬಿಣಾಂಶದ ಮಾತ್ರೆಗಳನ್ನು ಅವರು ಹೇಳಿದಂತೆ ತಪ್ಪದೆ ತೆಗೆದುಕೊಳ್ಳಿ. ಮೂರು ತಿಂಗಳು ತುಂಬಿದ ಮೇಲೆ ಚಿಕಿತ್ಸೆಯ ಬಗ್ಗೆ ಅವರೇ ನಿರ್ಧರಿಸುತ್ತಾರೆ.